ವಚನಗೋಷ್ಠಿಯಲ್ಲಿ ಪ್ರಶ್ನೆ ಕೇಳುವವರು ಯಾರು?



ಶ್ರಾವಣ ಮಾಸ ಬಂದಿತೆಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಮೊದಲ್ಗೊಂಡು ಕೆಂಗೇರಿ ಉಪನಗರದವರೆಗೆ ಭಕ್ತರ ಮನೆಗಳಲ್ಲಿ ವಚನಗೋಷ್ಠಿಗಳು ಜರುಗುತ್ತವೆ. ಆಹ್ವಾನಿತ ಉಪನ್ಯಾಸಕರು ಮುಕ್ಕಾಲು ಗಂಟೆ ಮಾತನಾಡುತ್ತಾರೆ, ವಚನಗಾಯನವಾಗುತ್ತದೆ, ಮಂಗಳವಾಗುತ್ತದೆ, ಪ್ರಸಾದವಾಗುತ್ತದೆ. ಎಲ್ಲವೂ ಸಂತೋಷದ ಸಂಗತಿಯೇ. ಆದರೆ ಈ ಕ್ರಮದಲ್ಲಿ ಕೇಳುಗರು ಬಾಯಿ ತೆರೆಯುವ ಅವಕಾಶ ಒದಗುವುದು ಪ್ರಸಾದದ ಪಂಕ್ತಿಯಲ್ಲಿ ಮಾತ್ರ. ನಿಜವಾದ ಜಿಜ್ಞಾಸೆ ಆರಂಭವಾಗುವುದೂ ಅಲ್ಲಿಯೇ. ಅಲ್ಲಮಪ್ರಭುಗಳು ಅಷ್ಟು ಒಗಟಾಗಿ ಏಕೆ ನುಡಿದರು? ವಚನ ಗದ್ಯವೋ ಪದ್ಯವೋ? ಶರಣರು ಬರೆದರೋ, ನುಡಿದದ್ದನ್ನು ಬೇರೆಯವರು ಬರೆದುಕೊಂಡರೋ? ಇಂತಹ ಪ್ರಶ್ನೆಗಳನ್ನು ಬ್ಯಾಂಕಿನಿಂದ ನಿವೃತ್ತರಾದವರು, ಕಾಮಾಕ್ಷಿಪಾಳ್ಯದಲ್ಲಿ ಲೇತ್ ಯಂತ್ರ ನಡೆಸುವವರು, ಕಾಲೇಜಿಗೆ ಹೋಗುವ ಮಕ್ಕಳು ಎಲೆಯ ಮುಂದೆ ಕುಳಿತು ಚರ್ಚಿಸುವುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಉಪನ್ಯಾಸಕ್ಕಿಂತ ಆ ಮಾತು ರುಚಿಸಿದ ಸಂದರ್ಭಗಳೂ ಇಲ್ಲದಿಲ್ಲ.

ಈ ಚರ್ಚೆಯನ್ನು ಪಂಕ್ತಿಯಿಂದ ಗೋಷ್ಠಿಯೊಳಕ್ಕೆ ತರಬೇಕೆಂದರೆ ಎರಡು ದಿಕ್ಕಿನಿಂದ ಆಕ್ಷೇಪ ಬರುತ್ತದೆ. ವಚನಗಳು ಆಚರಣೆಗಾಗಿ ಇರುವವು, ವಾದಕ್ಕಾಗಿ ಅಲ್ಲ; ಅವನ್ನು ಸಾಹಿತ್ಯವೆಂದು ಬಗೆದು ಶೈಲಿ, ರಚನೆ ಎಂದೆಲ್ಲ ವಿಮರ್ಶಿಸುವುದು ಅಪಚಾರ ಎಂದು ಶ್ರದ್ಧಾವಂತರಾದ ಕೆಲವು ಹಿರಿಯರು ಹೇಳುತ್ತಾರೆ. ಷಟ್‌ಸ್ಥಲವನ್ನೂ ಹಳಗನ್ನಡವನ್ನೂ ಕ್ರಮವಾಗಿ ಓದದವರು ವಚನದ ಅರ್ಥವನ್ನು ಚರ್ಚಿಸುವುದು ಕಾಲಹರಣ ಎಂಬುದು ವಿದ್ವಾಂಸರ ಮಾತು. ಇಬ್ಬರ ಕಾಳಜಿಯೂ ಅರ್ಥವಾಗುತ್ತದೆ. ಆದರೂ ಇಬ್ಬರ ಮಾತನ್ನೂ ಒಪ್ಪಲಾರೆ.

ಮೊದಲನೆಯದಾಗಿ, ನಾವು ಪೂಜ್ಯಭಾವದಿಂದ ಪಾರಾಯಣ ಮಾಡುವ ‘ಶೂನ್ಯಸಂಪಾದನೆ’ಯೇ ಆದ್ಯಂತವಾಗಿ ಒಂದು ವಾಗ್ವಾದ. ಕೆರೆ ಕಟ್ಟೆಗಳ ನಿರ್ಮಾಣದಲ್ಲಿ ಮಗ್ನರಾಗಿದ್ದ ಸೊನ್ನಲಿಗೆಯ ಸಿದ್ಧರಾಮರನ್ನು ಪ್ರಭುಗಳು ಕೆಣಕುತ್ತಾರೆ. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆಂದು ಅಕ್ಕನನ್ನು ಪ್ರಶ್ನಿಸುತ್ತಾರೆ; ಅಕ್ಕ ತಲೆತಗ್ಗಿಸಿ ನಿಲ್ಲುವುದಿಲ್ಲ, ಉತ್ತರ ಕೊಡುತ್ತಾಳೆ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ಇವರಲ್ಲಿ ಯಾರೂ ‘ದೊಡ್ಡವರು ಹೇಳಿದರು, ಮುಗಿಯಿತು’ ಎನ್ನಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 12ನೆಯ ಶತಮಾನದ ಶರಣರ ಬಿಡಿವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಅನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಯಾವ ವಚನಕ್ಕೆ ಯಾವ ವಚನ ಉತ್ತರವಾಗಬಲ್ಲದು, ಯಾವುದರ ನಂತರ ಯಾವುದು ಬಂದರೆ ಅರ್ಥ ಕಳೆಗಟ್ಟುತ್ತದೆ ಎಂದು ಕುಳಿತು ಯೋಚಿಸಿದವರು ಅವರು. ಇದು ಬರವಣಿಗೆಯ ಕೌಶಲವಲ್ಲದೆ ಮತ್ತೇನು? ನಾಲ್ಕು ಪರಿಷ್ಕರಣಗಳಾಗಿವೆ ಎಂದರೆ ಮೊದಲ ಹೆಣಿಗೆಯನ್ನು ನಂತರದವರು ಹಾಗೆಯೇ ಒಪ್ಪಲಿಲ್ಲವೆಂದೇ ಅರ್ಥ. ವಚನಗಳ ರಚನೆಯನ್ನು ಕುರಿತು ಚಿಂತಿಸುವುದು ಅಪಚಾರವಾದರೆ ಆ ಅಪಚಾರವನ್ನು ಮೊದಲು ಎಸಗಿದವರು ಈ ಮಹನೀಯರೇ ಆಗಬೇಕಾಗುತ್ತದೆ!

ವಿದ್ವಾಂಸರ ಆಕ್ಷೇಪಕ್ಕೆ ಫ. ಗು. ಹಳಕಟ್ಟಿಯವರ ಜೀವನವೇ ಸಾಕಷ್ಟು ಉತ್ತರ. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವೃತ್ತಿಯಿಂದ ವಿಜಯಪುರದ ವಕೀಲರು, ಕನ್ನಡದ ಪ್ರಾಧ್ಯಾಪಕರಲ್ಲ. ಮನೆ ಮನೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಕೋರ್ಟಿನ ಕೆಲಸ ಮುಗಿಸಿ ಬಂದು ಓದಿದ ಒಬ್ಬ ಹವ್ಯಾಸಿ ಓದುಗರ ಹಠದಿಂದ ವಚನಗಳು ನಮ್ಮ ಕೈಸೇರಿದವು. ಅವರು ಪುಸ್ತಕಕ್ಕೆ ‘ಶಾಸ್ತ್ರ’ವೆಂದು ಹೆಸರಿಟ್ಟರು, ಮುಂದೆ ವಿಶ್ವವಿದ್ಯಾಲಯಗಳು ‘ಸಾಹಿತ್ಯ’ವೆಂದು ಕರೆದವು. ಈ ಎರಡು ಹೆಸರುಗಳ ನಡುವಣ ಜಗ್ಗಾಟವೇ ಇಂದಿಗೂ ನಮ್ಮ ಪ್ರಸಾದದ ಪಂಕ್ತಿಯಲ್ಲಿ ಮುಂದುವರಿಯುತ್ತಿದೆ.

ಗದ್ಯ-ಪದ್ಯದ ಪ್ರಶ್ನೆಯನ್ನೇ ನೋಡಿ. ಓಲೆಗರಿಗಳಲ್ಲಿ ವಚನಗಳು ಒಂದೇ ಸಮನೆ ಸಾಲಾಗಿ ಬರೆಯಲ್ಪಟ್ಟಿವೆ. ಇಂದಿನ ಪುಸ್ತಕಗಳಲ್ಲಿ ಕಾಣುವ ಪಾದವಿಭಾಗ ಸಂಪಾದಕರು ಮಾಡಿದ್ದು. ಆದ್ದರಿಂದ ಅಚ್ಚಿನ ಆಕಾರವನ್ನು ನೋಡಿ ‘ಇದು ಪದ್ಯ’ ಎನ್ನುವುದಕ್ಕೆ ಆಧಾರವಿಲ್ಲ. ಬಾಯಿಬಿಟ್ಟು ಓದಿ ಕಿವಿಯಿಂದಲೇ ನಿರ್ಣಯಿಸಬೇಕು. ತಮಗೆ ತಾಳ, ಮಾತ್ರೆ, ಗಣಗಳ ಲೆಕ್ಕ ತಿಳಿಯದೆಂದು ಬಸವಣ್ಣನವರು ಹೇಳಿಕೊಂಡ ವಚನವೊಂದಿದೆಯಷ್ಟೆ. ವಿಜಯನಗರದ ಗೋಷ್ಠಿಯೊಂದರಲ್ಲಿ ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಕೇಳಿದ: “ಗಣಗಳು ತಿಳಿಯವು ಎಂದವರಿಗೆ ಅವುಗಳ ಹೆಸರು ಅಷ್ಟು ಸರಿಯಾಗಿ ಹೇಗೆ ತಿಳಿದಿತ್ತು ಸರ್?” ಸಭೆ ನಕ್ಕಿತು. ನಗುವ ಪ್ರಶ್ನೆಯಲ್ಲ ಅದು. ತಿಳಿದೂ ಬಿಟ್ಟುಕೊಟ್ಟವರ ವಿನಯ ಬೇರೆ, ತಿಳಿಯದವರ ಅಸಹಾಯಕತೆ ಬೇರೆ. ಆ ವಚನದ ಅರ್ಥವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಇನ್ನು ಕಳೆದ ಶ್ರಾವಣದಲ್ಲಿ ಬಸವೇಶ್ವರನಗರದ ಮನೆಯೊಂದರಲ್ಲಿ ನಡೆದ ಚರ್ಚೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಂದು ಓದಿದ್ದು ಕದಿರೆ ರೆಮ್ಮವ್ವೆಯ ರಾಟೆಯ ವಚನ. ನೂಲುವುದು ಆ ತಾಯಿಯ ಕಾಯಕ. ರಾಟೆಯ ಒಂದೊಂದು ಅಂಗವನ್ನೂ ಬ್ರಹ್ಮ, ವಿಷ್ಣು, ರುದ್ರರಿಗೆ ಹೋಲಿಸುತ್ತಾಳೆ. ಅರಿವು ಕದಿರಾಗುತ್ತದೆ, ಭಕ್ತಿ ಕೈಯಾಗುತ್ತದೆ, ನೂಲು ಸುತ್ತಿ ಕದಿರು ತುಂಬುತ್ತದೆ. ಇಲ್ಲಿಗೆ ಮುಗಿದಿದ್ದರೆ ಅದೊಂದು ಸುಂದರ ರೂಪಕ. ಆದರೆ ಕೊನೆಯಲ್ಲಿ ಇನ್ನು ರಾಟೆ ತಿರುಗಿಸಲಾರೆನೆಂಬ ಮಾತು, ಗಂಡನು ಹೊಡೆದಾನೆಂಬ ಅಳಲು, ಏನು ಮಾಡಲೆಂದು ಗುಮ್ಮೇಶ್ವರನಲ್ಲಿ ಮೊರೆ.

ಮನೆಯ ಹಿರಿಯರು ಇದನ್ನು ಶರಣಸತಿ-ಲಿಂಗಪತಿ ಭಾವದಿಂದ ವಿವರಿಸಿದರು. ಗಂಡನೆಂದರೆ ಲಿಂಗ; ಹೊಡೆಯುವುದೆಂದರೆ ಅಹಂಕಾರವನ್ನು ಕುಟ್ಟಿ ಹಾಕುವುದು. ಸಾಫ್ಟ್‌ವೇರ್ ಕಂಪನಿಯಲ್ಲಿ ಉದ್ಯೋಗಿಯಾಗಿರುವ ಅವರ ಸೊಸೆ ಮೆಲ್ಲನೆ ಕೇಳಿದರು: “ಮಾವ, ನೀವು ಹೇಳುವುದು ಸರಿ ಇರಬಹುದು. ಆದರೆ ಹೊಡೆತ ತಿನ್ನುವ ಹೆಂಗಸೊಬ್ಬಳು ಇದನ್ನು ಕೇಳಿದರೆ ಅವಳಿಗೆ ಲಿಂಗಪತಿ ನೆನಪಾಗುತ್ತಾನೆಯೇ?” ಸಭೆ ಸ್ತಬ್ಧವಾಯಿತು. ಆಗ ಪಕ್ಕದ ಮನೆಯ ಅಜ್ಜಿಯೊಬ್ಬರು, ಮಾಗಡಿ ಕಡೆಯವರು, ಬಾಯಿ ತೆರೆದರು. “ಯಜಮಾನ್ರೇ, ಒಂದ್ ಮಾತು. ಕದಿರು ತುಂಬಿದ ಮೇಲೆ ರಾಟೆ ತಿರುಗಿಸೋಕೆ ಆಗೋದಿಲ್ಲ. ಸುತ್ತಿರೋ ನೂಲು ಬಿಚ್ಚಿ ತೆಗೀಬೇಕು, ಆಮೇಲೇನೆ ಮತ್ತೆ ಹಂಜಿ ಹಿಡಿಯೋದು. ನಮ್ಮಜ್ಜಿ ನೂಲೋರು, ನಾನು ನೋಡಿದೀನಿ. ಈ ಯಮ್ಮ ಸುಮ್ಮನೆ ‘ಆಗೊಲ್ಲ’ ಅಂದಿಲ್ಲ.”

ಪುಸ್ತಕದ ಟಿಪ್ಪಣಿಗಳಲ್ಲಿ ನಾನು ಕಾಣದ ಮಾತು ಇದು. ತುಂಬಿದ ಕದಿರಿನಿಂದಾಗಿ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಮನೆಯಲ್ಲಿ ಪೆಟ್ಟು. ಪರಿಪೂರ್ಣತೆಯೇ ಸಂಕಟಕ್ಕೆ ಕಾರಣವಾಗುವ ಆ ಕ್ಷಣವನ್ನು ರೆಮ್ಮವ್ವೆ ರಾಟೆಯ ಮುಂದೆ ಕುಳಿತೇ ಕಂಡುಕೊಂಡಿದ್ದಾಳೆ.

ಹಿರಿಯರು ಸುಲಭವಾಗಿ ಬಿಟ್ಟುಕೊಡಲಿಲ್ಲ. ಅದು ನನಗೆ ಇನ್ನೂ ಸಂತೋಷ ತಂದಿತು. ಸಮಗ್ರ ವಚನ ಸಂಪುಟದ ಐದನೆಯ ಸಂಪುಟವನ್ನು, ಎಂದರೆ ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನ ಸಂಪುಟವನ್ನು, ಒಳಗಿನಿಂದ ತರಿಸಿ, ರೆಮ್ಮವ್ವೆಯ ಇನ್ನೊಂದು ವಚನದಲ್ಲಿ ಮನಸ್ಸನ್ನು ಗೆಲ್ಲುವ ಗಂಡನ ಪ್ರಶಂಸೆಯಿರುವುದನ್ನು ತೋರಿಸಿದರು. ಅಲ್ಲಿ ಗಂಡ ಲೌಕಿಕನಲ್ಲದಿದ್ದರೆ ಇಲ್ಲಿ ಮಾತ್ರ ಏಕೆ ಲೌಕಿಕನಾಗಬೇಕು? ಸಮರ್ಥವಾದ ವಾದ. ಆದರೆ ನನ್ನ ಅಭಿಪ್ರಾಯ ಸೊಸೆಯ ಕಡೆಗೇ ವಾಲುತ್ತದೆ. ಕಾರಣ, ಅಂಕಿತ. ರಾಟೆಯ ವಚನದಲ್ಲಿ ಗಂಡನನ್ನು ಕುರಿತ ದೂರು ಗುಮ್ಮೇಶ್ವರನ ಮುಂದೆ ಸಲ್ಲುತ್ತಿದೆ. ದೂರು ಯಾರ ಮೇಲೋ ಅವರಿಗೇ ಯಾರೂ ದೂರು ಕೊಡುವುದಿಲ್ಲ. ಅಂಕಿತವೆಂಬುದು ವಚನದ ಕೊನೆಗೆ ಒತ್ತಿದ ಮುದ್ರೆ ಮಾತ್ರವಲ್ಲ. ಯಾರು ಯಾರೊಡನೆ ಮಾತನಾಡುತ್ತಿದ್ದಾರೆ ಎಂಬುದನ್ನು ತಿಳಿಸುವ ಕೀಲಿ. ಅಂದಿನ ಚರ್ಚೆ ತೀರ್ಮಾನವಾಗಲಿಲ್ಲ. ರಾತ್ರಿ ಒಂಬತ್ತೂವರೆಗೆ ಎದ್ದಾಗಲೂ ಮಾವ-ಸೊಸೆ ಸಂಪುಟದ ಪುಟ ತಿರುವುತ್ತಿದ್ದರು.

ಹೊರಜಗತ್ತಿಗೆ ವಚನಗಳನ್ನು ಪರಿಚಯಿಸಿದ ಎ. ಕೆ. ರಾಮಾನುಜನ್ನರ 1973ರ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿರುವವರು ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ ಈ ನಾಲ್ವರೇ. ಅದು ಶ್ರೇಷ್ಠ ಕೃತಿ. ಆದರೆ ನಮ್ಮ ಗೋಷ್ಠಿಗಳೂ ಬಹುಮಟ್ಟಿಗೆ ಅಷ್ಟರಲ್ಲಿಯೇ ತಿರುಗುತ್ತಿರುವುದೇಕೆ? ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರಿನ ಮೇದಾರ ಕೇತಯ್ಯ, ದೋಣಿಯ ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ ಇವರ ವಚನಗಳಲ್ಲಿ ಕೈಕೆಲಸದ ಮಾತು ಬಂದಾಗ ಎಂ.ಎ. ಮಾಡಿದ ನನ್ನಂತಹವರು ನಿಘಂಟು ತೆರೆಯುತ್ತೇವೆ. ಕೆಲಸ ಬಲ್ಲವರು ಕಣ್ಣುಮುಚ್ಚಿ ಹೇಳುತ್ತಾರೆ. ಅವರನ್ನು ಮಾತನಾಡಿಸದೆ ಅರ್ಥ ಹೇಳುವುದು ನಷ್ಟದ ವ್ಯಾಪಾರ.

ಹಾಗೆಂದು ಬಾಯಿಗೆ ಬಂದದ್ದೆಲ್ಲ ಚರ್ಚೆಯೆಂದು ಹೇಳುತ್ತಿಲ್ಲ. ಇಂದು ವಚನಗಳ ಅರ್ಧ ಸಾಲುಗಳು ಗೋಡೆಯಲ್ಲಿ, ಬ್ಯಾನರಿನಲ್ಲಿ, ಮೊಬೈಲಿನಲ್ಲಿ ಹರಿದಾಡುತ್ತಿವೆ. ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ಸಂಪುಟದಲ್ಲಿ ಹುಡುಕಿದರೆ ಅಂತಹ ವಚನವೇ ಸಿಕ್ಕದ ಪ್ರಸಂಗಗಳೂ ಉಂಟು. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿದೆ. ಪದ ಕೊಟ್ಟರೆ ವಚನ ಹುಡುಕಿಕೊಡುವ ‘ವಚನ ಸಂಚಯ’ ಅಂತರ್ಜಾಲದಲ್ಲಿದೆ. ಇಷ್ಟಿದ್ದೂ ಪೂರ್ಣಪಾಠ ನೋಡದೆ ವಾದಕ್ಕಿಳಿಯುವುದು ಸೋಮಾರಿತನ. 2013ರಲ್ಲಿ ವಚನಗಳಿಗೂ ಜಾತಿವಿರೋಧಕ್ಕೂ ಇರುವ ಸಂಬಂಧವನ್ನು ಕುರಿತು ‘ಪ್ರಜಾವಾಣಿ’ಯಲ್ಲಿ ದೀರ್ಘ ವಾಗ್ವಾದ ನಡೆದಾಗ ನಮ್ಮ ಭಾಗದ ಉದ್ಯಾನಗಳ ಕಲ್ಲುಬೆಂಚುಗಳ ಮೇಲೂ ಅದೇ ಮಾತಾಗಿತ್ತು. ಕೋಪಗೊಂಡವರು ಬಹಳ ಮಂದಿ ಇದ್ದರು; ಸಂಪುಟ ತೆರೆದು ನೋಡಿದವರು ಕಡಿಮೆ.

ಆ ಸಂಪುಟಗಳ ಪ್ರಧಾನ ಸಂಪಾದಕರಾಗಿದ್ದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಅವರ ಎಲ್ಲ ನಿಲುವುಗಳನ್ನೂ ನಮ್ಮವರೆಲ್ಲರೂ ಒಪ್ಪಿದ್ದರೆಂದಲ್ಲ. ಒಪ್ಪದವರಿಗೆ ಉತ್ತರ ಬರೆಯುವ ದಾರಿ ತೆರೆದಿತ್ತು. ಉತ್ತರಕ್ಕೆ ಬೇಕಾದ ಪಾಠಗಳನ್ನು ಸ್ವತಃ ಅವರೇ ಸಂಪಾದಿಸಿ ಕೊಟ್ಟಿದ್ದರು. ಮಾತಿಗೆ ಮಾತು ಸಲ್ಲಿಸುವ ಅಭ್ಯಾಸ ಮನೆಯ ಗೋಷ್ಠಿಯಲ್ಲಿ ಇಲ್ಲವಾದರೆ ಊರಿನಲ್ಲಿ ಎಲ್ಲಿಂದ ಬರಬೇಕು?

ಬರುವ ಶ್ರಾವಣಕ್ಕೆ ಗೋಷ್ಠಿ ಏರ್ಪಡಿಸುವ ಭಕ್ತರಲ್ಲಿ ಕೆಲವು ವಿನಂತಿಗಳಿವೆ. ಒಂದು ಸಂಜೆಗೆ ಒಂದೇ ವಚನ ಸಾಕು. ಅದನ್ನು ಸಂಪುಟದಿಂದ ಪೂರ್ಣವಾಗಿ ಎರಡು ಬಾರಿ ಓದಿಸಿ, ಒಮ್ಮೆಯಾದರೂ ಮಕ್ಕಳಿಂದ. ಸಂಪುಟ ಮನೆಯಲ್ಲಿಲ್ಲದಿದ್ದರೆ ಹಂಪಿನಗರದ ಗ್ರಂಥಾಲಯದಂತಹ ಕಡೆ ವಿಚಾರಿಸಿ, ಬೇಕಾದ ಪುಟವನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡಿ. ಉಪನ್ಯಾಸಕರು ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಲಿ. ನಾನು ಬಂದಾಗಲೂ ಗಡಿಯಾರ ತೋರಿಸಲು ಸಂಕೋಚಪಡಬೇಡಿ.

ಕೊನೆಯದಾಗಿ, ಅಡುಗೆಮನೆಯ ವಿಷಯ. ನಲವತ್ತು ಮಂದಿಗೆ ಒಬ್ಬಟ್ಟಿನ ಊಟವೆಂದರೆ ಮನೆಯ ತಾಯಂದಿರು ಗೋಷ್ಠಿಯ ಹೊತ್ತೆಲ್ಲ ಒಲೆಯ ಮುಂದೆಯೇ ಕಳೆಯುತ್ತಾರೆ. ಮಂಗಳಾರತಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಅಂದು ಬಸವೇಶ್ವರನಗರದಲ್ಲಿ ಆ ಸೊಸೆಯೂ ಆ ಅಜ್ಜಿಯೂ ಸಭೆಯಲ್ಲಿ ಕುಳಿತಿರಲು ಸಾಧ್ಯವಾದದ್ದು, ಪ್ರಸಾದಕ್ಕೆ ಅವಲಕ್ಕಿಯನ್ನು ಮಧ್ಯಾಹ್ನವೇ ಕಲಸಿಟ್ಟಿದ್ದರಿಂದ.