ತಲೆಗೆ ದರವೋ, ಕೆಲಸಕ್ಕೆ ದರವೋ?

ನಗರದ ಬೀದಿಬೀದಿಗಳಲ್ಲಿ ಇಂದು 'ಯುನಿಸೆಕ್ಸ್ ಸಲೂನ್' ಎಂಬ ಹಲಗೆಗಳು ಕಾಣಿಸುತ್ತವೆ. ಸ್ತ್ರೀಪುರುಷರಿಬ್ಬರಿಗೂ ಇಲ್ಲಿ ಪ್ರವೇಶವುಂಟು ಎಂಬುದು ಅದರ ಅರ್ಥ. ಆದರೆ ಒಳಹೊಕ್ಕು ದರಪಟ್ಟಿಯನ್ನು ನೋಡಿದರೆ ಬಹುಮಟ್ಟಿಗೆ ಎರಡು ಸಾಲುಗಳಿರುತ್ತವೆ: ಒಂದು ಪುರುಷರದು, ಇನ್ನೊಂದು ಸ್ತ್ರೀಯರದು. ಕೂದಲು ಕತ್ತರಿಸುವ ಕೆಲಸ ಒಂದೇ; ಸ್ತ್ರೀಯರ ಸಾಲಿನ ಅಂಕಿ ಮಾತ್ರ ದೊಡ್ಡದು. ಬಾಗಿಲು ಒಂದಾಗಿ ಬೆಲೆ ಎರಡಾಗಿರುವ ಈ ಪದ್ಧತಿ ನ್ಯಾಯವೇ ಎಂಬುದು ವಿಚಾರಮಾಡತಕ್ಕ ವಿಷಯ.

ಇದೇನು ಮಹಾ ಸಂಗತಿ ಎಂದು ಕೆಲವರು ನಗಬಹುದು. ತಿಂಗಳ ಸಂಬಳವನ್ನು ಎಣಿಸಿ ಎಣಿಸಿ ವೆಚ್ಚಮಾಡುವವರಿಗೆ ಇದು ನಗುವ ಮಾತಲ್ಲ. ಒಂದೇ ತೆರನ ಕೆಲಸ ಮಾಡುವ ಸ್ತ್ರೀಪುರುಷರಿಗೆ ಸಂಬಳವೂ ಒಂದೇ ಇರತಕ್ಕದ್ದೆಂದು 1976ರ ಸಮಾನ ವೇತನ ಕಾಯಿದೆ ವಿಧಿಸಿತು. ಒಂದೇ ಕಚೇರಿಯ ಇಬ್ಬರು ಗುಮಾಸ್ತರು ಗಳಿಕೆಯಲ್ಲಿ ಸಮಾನರಾಗಿ ವೆಚ್ಚದಲ್ಲಿ ಅಸಮಾನರಾದರೆ, ಆ ಸಮಾನತೆಯ ಒಂದು ಪಾಲು ಸಲೂನಿನ ಗಲ್ಲಾಪೆಟ್ಟಿಗೆಯಲ್ಲಿ ಉಳಿದುಹೋದಂತಾಯಿತು.

ಸಲೂನ್ ಮಾಲಿಕರ ಸಮಾಧಾನ ನಮಗೆ ತಿಳಿಯದ್ದೇನಲ್ಲ. ಹೆಂಗಸರ ಕೂದಲು ಉದ್ದ. ಅದನ್ನು ತೊಳೆದು, ಸಿಕ್ಕು ಬಿಡಿಸಿ, ಕತ್ತರಿಸಿ, ಒಣಗಿಸಲು ಹೊತ್ತು ಹಿಡಿಯುತ್ತದೆ. ಗಂಡಸರದಾದರೆ ಮೆಷಿನ್ ಆಡಿಸಿದೊಡನೆ ಮುಗಿಯಿತು ಎನ್ನುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಇದು ಉದ್ದ ಕೂದಲಿನ ಪರವಾದ ವಾದವೇ ಹೊರತು ಸ್ತ್ರೀಯರಿಗೆ ಹೆಚ್ಚು ದರ ಹಾಕಬೇಕೆಂಬುದಕ್ಕೆ ಸಮರ್ಥನೆಯಲ್ಲ. ಇಂದು ಕಿವಿಯ ಮಟ್ಟಕ್ಕೆ ಕೂದಲು ಕತ್ತರಿಸಿಕೊಳ್ಳುವ ಹೆಂಗಸರಿದ್ದಾರೆ. ಭುಜ ಮುಟ್ಟುವಂತೆ ಬೆಳೆಸುವ ತರುಣರೂ ಇದ್ದಾರೆ. ಕಡಿಮೆ ಕೆಲಸ ಮಾಡಿಸಿಕೊಂಡವಳು ಹೆಚ್ಚು ತೆತ್ತು, ಹೆಚ್ಚು ಕೆಲಸ ಮಾಡಿಸಿಕೊಂಡವನು ಕಡಿಮೆ ತೆತ್ತು ಹೊರಬೀಳುವುದು ಯಾವ ಲೆಕ್ಕ?

ನಮ್ಮ ವಾಚಕರಲ್ಲಿ ಅನೇಕರು ಹೋಟೆಲ್ ವೃತ್ತಿಯವರು. ದರದ ಧರ್ಮವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಡುಪಿ ಹೋಟೆಲಿನ ಗೋಡೆಯ ಮೇಲಣ ಪಟ್ಟಿಯಲ್ಲಿ ಮಸಾಲೆದೋಸೆಗೆ ಒಂದೇ ಬೆಲೆ. ತಿನ್ನುವವರು ಯಾರೆಂದು ಅದು ವಿಚಾರಿಸುವುದಿಲ್ಲ. ಬೆಣ್ಣೆ ಬಿದ್ದರೆ ಬೆಲೆ ಹೆಚ್ಚು, ಸಾದಾ ಆದರೆ ಕಡಿಮೆ. ರೈಸ್ ಪ್ಲೇಟಿಗೊಂದು ದರ, ಪೂರ್ತಿ ಊಟಕ್ಕೊಂದು ದರ. ಗಂಡಸರು ಹೆಚ್ಚು ಉಣ್ಣುತ್ತಾರೆಂದು ಊಹಿಸಿ ಅವರಿಗೆ ಮಾತ್ರ ಊಟದ ಬೆಲೆ ಏರಿಸಿದರೆ ಗಲ್ಲಾದ ಮುಂದೆ ಜಗಳವಾಗದೆ ಇದ್ದೀತೇ?

ಕ್ಷೌರದಂಗಡಿಯ ಬಾಗಿಲು ನಮ್ಮ ದೇಶದಲ್ಲಿ ಎಲ್ಲರಿಗೂ ಸುಲಭವಾಗಿ ತೆರೆದುದಲ್ಲ. ಜಾತಿಯ ಕಾರಣದಿಂದ ಹೊರಗೆ ನಿಲ್ಲಿಸಲ್ಪಟ್ಟವರ ನೋವು ಸಣ್ಣದಲ್ಲ. ಅದಕ್ಕಾಗಿಯೇ ಸಂವಿಧಾನದ 15ನೆಯ ವಿಧಿಯು ಜಾತಿ, ಮತ, ಲಿಂಗ ಮೊದಲಾದ ಕಾರಣಗಳಿಂದ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರವಿಡಕೂಡದೆಂದು ಸಾರಿತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯ ಚರ್ಚೆಯಲ್ಲಿ ಡಾ. ಅಂಬೇಡ್ಕರರು 'ಅಂಗಡಿ' ಎಂಬ ಮಾತಿಗೆ ಬಹು ವಿಶಾಲವಾದ ಅರ್ಥವನ್ನಿತ್ತರು. ಅರಸಿ ಬಂದವರಿಗೆ ಸೇವೆ ಸಲ್ಲಿಸಲು ಸಿದ್ಧವಿರುವ ತಾಣವೆಲ್ಲ ಅದರಲ್ಲಿ ಅಡಕವಾಗುತ್ತದೆ. ಆ ವಿಧಿ ಬಾಗಿಲನ್ನು ತೆರೆಯಿತು, ದರಪಟ್ಟಿಯ ಮಾತನ್ನೆತ್ತಲಿಲ್ಲ. ಉಳಿದ ಕೆಲಸ ನಮ್ಮ ವಿವೇಕಕ್ಕೆ ಬಿಟ್ಟದ್ದು.

ಸ್ತ್ರೀಪುರುಷ ಭೇದದ ಗೋಡೆ ಈ ವೃತ್ತಿಯಲ್ಲಿ ಗಿರಾಕಿಗಳಿಗೆ ಮಾತ್ರ ಇದ್ದುದಲ್ಲ. ಮುಂಬಯಿಯ ಚಿತ್ರೋದ್ಯಮದಲ್ಲಿ ಮೇಕಪ್ ಕೆಲಸ ಗಂಡಸರಿಗೆ, ಕೇಶಾಲಂಕಾರ ಹೆಂಗಸರಿಗೆ ಎಂದು ವೃತ್ತಿಸಂಘವೇ ಗೆರೆ ಎಳೆದಿತ್ತು. ಚಾರು ಖುರಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರ ನವೆಂಬರಿನಲ್ಲಿ ಆ ಗೆರೆಯನ್ನು ಅಳಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ತೃತೀಯ ಲಿಂಗಿಗಳಿಗೆ ಮಾನ್ಯತೆಯನ್ನಿತ್ತಿತು. ಎರಡೇ ಸಾಲುಗಳ ಪಟ್ಟಿಯ ಮುಂದೆ ಅವರು ಯಾವ ಸಾಲಿನ ದರ ಕೊಡಬೇಕು?

ಪರದೇಶಗಳಲ್ಲಿ ಈ ಪ್ರಶ್ನೆ ಕಾನೂನಿನ ಮಟ್ಟಕ್ಕೇ ಹೋಗಿದೆ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು 1995ರಲ್ಲಿ, ನ್ಯೂಯಾರ್ಕ್ ನಗರವು 1998ರಲ್ಲಿ ಸೇವೆಗಳಿಗೆ ಲಿಂಗಭೇದದ ದರವನ್ನು ನಿಷೇಧಿಸಿದವು. ಕ್ಯಾಲಿಫೋರ್ನಿಯದ ಕಾನೂನು ವ್ಯಾಪಾರಿಯ ಕೈ ಕಟ್ಟಿಲ್ಲ. ತಗಲುವ ಹೊತ್ತು, ಕೆಲಸದ ಕಷ್ಟ, ಬೀಳುವ ಖರ್ಚು ಇವುಗಳ ಮೇಲೆ ದರ ಹೆಚ್ಚುಕಡಿಮೆ ಮಾಡಲು ಅವಕಾಶವಿತ್ತಿದೆ. ನಮ್ಮವರೂ ಅಂಗೀಕರಿಸಬಹುದಾದ ಸೂತ್ರವಿದು.

ಬಸ್ಸಿನಲ್ಲಿ ಹೆಂಗಸರಿಗೆ ರಿಯಾಯಿತಿ ಇಲ್ಲವೇ, ಅಲ್ಲಿ ಸಮಾನತೆ ಏಕೆ ಬೇಡ ಎಂದು ಕೇಳುವವರುಂಟು. 2023ರಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ದರವೂ, ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವೂ ಆರಂಭವಾದುದು ನಿಜ. ಹಿಂದುಳಿದವರನ್ನು ಮುಂದೆ ತರಲು ಸರಕಾರ ನೀಡುವ ನೆರವದು. ಸ್ತ್ರೀಯರಿಗಾಗಿ ಅಂಥ ವಿಶೇಷ ಏರ್ಪಾಡಿಗೆ ಸಂವಿಧಾನದಲ್ಲೇ ಎಡೆಯಿದೆ. ನೆರವು ನೀಡುವುದಕ್ಕೂ ಹೆಚ್ಚು ಹಣ ಕೀಳುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬಯಸುತ್ತೇವೆ. ಸಮಾನತೆಯ ನೆಪದಲ್ಲಿ ಬಡ ಹೋಟೆಲ್ ಕಾರ್ಮಿಕನ ಸಾದಾ ಕ್ಷೌರದ ದರವನ್ನು ಮೇಲಕ್ಕೆಳೆಯಬಾರದು. ಕತ್ತರಿ ಹಿಡಿದು ದಿನವಿಡೀ ನಿಂತಿರುವ ನೌಕರನ ಪಾಲಿಗೂ ಕತ್ತರಿ ಬೀಳಬಾರದು. ಅನೇಕ ಸಲೂನುಗಳಲ್ಲಿ ನೌಕರನಿಗೆ ಬಿಲ್ಲಿನ ಮೇಲೆ ಕಮಿಷನ್ ದೊರೆಯುತ್ತದೆ. ಹೊತ್ತಿಗೆ ತಕ್ಕ ದರವಾದರೆ ಅವನ ಶ್ರಮಕ್ಕೂ ತಕ್ಕ ಬೆಲೆ ಬಂದೀತು. ಉದ್ದ ಕೂದಲಿನ ಗಂಡಸನ್ನು ಅಗ್ಗದ ಸಾಲಿಗೆ ಸೇರಿಸಿದಾಗ ನಷ್ಟವಾಗುವುದು ಅವನಿಗೂ ಹೌದು.

ಮಾರ್ಗ ಕಠಿಣವಾದುದಲ್ಲ. ದರಪಟ್ಟಿಯಲ್ಲಿ 'ಗಂಡಸರು', 'ಹೆಂಗಸರು' ಎಂಬ ತಲೆಬರಹಗಳನ್ನು ತೆಗೆದು, ಗಿಡ್ಡ ಕೂದಲು, ಭುಜದವರೆಗಿನ ಕೂದಲು, ಅದಕ್ಕಿಂತ ಉದ್ದದ ಕೂದಲು ಎಂದು ಮೂರು ದರ್ಜೆಗಳನ್ನು ಮಾಡಲಿ. ಮೆಷಿನ್ ಕೆಲಸ, ತೊಳೆಯುವುದು, ಒಣಗಿಸುವುದು ಇವಕ್ಕೆ ಪ್ರತ್ಯೇಕ ದರ ಬರೆಯಲಿ. ಪಟ್ಟಿ ಗಿರಾಕಿಯ ಕಣ್ಣಿಗೆ ಬೀಳುವಲ್ಲಿ ತೂಗಲಿ. ಕರಾವಳಿಯಿಂದ ಬಂದು ಈ ವೃತ್ತಿಯಲ್ಲಿ ಹೆಸರು ಗಳಿಸಿದ ನಮ್ಮವರು ಈ ಮಹಾನಗರದಲ್ಲಿದ್ದಾರೆ. ಅವರೇ ಮೊದಲು ಈ ಹೆಜ್ಜೆಯನ್ನಿಡಲೆಂದು ನಾವು ಆಶಿಸುತ್ತೇವೆ. ವಾಚಕರಾದರೋ, ಮುಂದಿನ ಸಲ ಕುರ್ಚಿಯಲ್ಲಿ ಕೂರುವ ಮುನ್ನ ದರ ಯಾವುದರ ಮೇಲೆಂದು ವಿನಯದಿಂದ ಕೇಳಲಿ. ಕೇಳುವವರಿಲ್ಲದೆ ಯಾವ ಪಟ್ಟಿಯೂ ತಾನಾಗಿ ಬದಲಾಗದು.