ಕೊರಳಿನ ಬಂಗಾರ ಗಿರವಿಗೆ, ಗಣಿಯ ಬಂಗಾರ ಗಾಳಿಗೆ! ಇನ್ನು ಸಾಕು!

ಅಂಕಲಗಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ! ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತರೇ, ಮಿಲ್ಲಿನ ಕಾರ್ಮಿಕರೇ, ಸಂಘದ ತಾಯಂದಿರೇ!

ಈ ಕಾಗದ ಹರಿದು ಒಗೆಯಬೇಡಿರಿ. ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತು ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ. ಇದು ಚುನಾವಣೆಯ ಚೀಟಿ ಅಲ್ಲ. ನಮ್ಮ ನಿಮ್ಮ ಮನೆಯ ಸುದ್ದಿ.

ನಿಮ್ಮ ಓಣಿಯಲ್ಲಿ ಯಾರ ಕೊರಳು ಬರಿದಾಗಿದೆ, ನೋಡಿದ್ದೀರಾ? ಹೋದ ಸಲ ಜಾತ್ರೆಗೆ ಬೋರಮಾಳ ಹಾಕಿಕೊಂಡು ಬಂದ ಅಕ್ಕ ಈ ಸಲ ಸೆರಗು ಎಳೆದು ಹೊದ್ದು ನಿಂತಿದ್ದಳು. ಕೇಳಿದರೆ, "ಪಾಲಿಶ್ ಮಾಡಾಕ ಕೊಟ್ಟೇನವ್ವಾ" ಅಂದಳು. ಸುಳ್ಳು! ಬೋರಮಾಳ ಗಿರವಿಯಲ್ಲಿದೆ. ಅದರ ಮೇಲೆ ತಂದ ರೊಕ್ಕ ಗಂಡನ ಮೊಬೈಲಿನೊಳಗೆ ಹೋಯಿತು. ಮೊಬೈಲಿನಿಂದ ಎಲ್ಲಿ ಹೋಯಿತೋ, ಆ ಗಂಡನಿಗೂ ಗೊತ್ತಿಲ್ಲ!

ಯಾತಕ್ಕೆ ಹೋಯಿತು? ಬಂಗಾರದ ಗಣಿಯ ಷೇರಿಗೆ! ಕೈಯಲ್ಲಿದ್ದ ಬಂಗಾರ ಒತ್ತೆ ಇಟ್ಟು, ಕಣ್ಣಿಂದ ನೋಡದ ಬಂಗಾರ ಕೊಂಡೆವು. ಇಂಥ ವ್ಯಾಪಾರ ನಮ್ಮ ಅಜ್ಜ ಮುತ್ತಜ್ಜ ಯಾರೂ ಮಾಡಿರಲಿಲ್ಲ.

ಹೇಗೆ ಬಂತು ಈ ಪೀಡೆ? 2025ರಲ್ಲಿ ತೊಲಿ ಬಂಗಾರ ಲಕ್ಷ ರೂಪಾಯಿ ದಾಟಿತು. ಮಗಳ ಮದುವೆ ಇಟ್ಟುಕೊಂಡವರ ಎದೆ ಧಸಕ್ಕೆಂದಿತು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ಗ್ರೂಪು ತೆರೆಯಿತು. "ಬಂಗಾರ ಕೊಳ್ಳಾಕ ಆಗೂದಿಲ್ಲೇನು? ಬಂಗಾರದ ಗಣೀನ ಕೊಳ್ರಿ! ಹತ್ತು ರೂಪಾಯಿ ಷೇರು, ಆರು ತಿಂಗಳದಾಗ ನೂರು!" ಹೇಳಿದವನು ಪರದೇಶಿ ಅಲ್ಲ. ನಮ್ಮ ಭಾಷೆ ಆಡುವವನು. ನಮಗೆ ಅಣ್ಣಾ ಎನ್ನುವವನು. ಅದಕ್ಕೇ ನಂಬಿದೆವು.

ಈ ಕಾಗದ ಬರೆಯುತ್ತಿರುವ ನಾನೂ ನಂಬಿದೆ. ಎರಡು ಲಕ್ಷ ಹಾಕಿದೆ. ಪರದೆಯ ಮೇಲೆ ಹಸಿರು ಅಂಕಿ ಏರಿತು. ಮೂರು, ಐದು, ಒಂಬತ್ತು ಲಕ್ಷ! ರಾತ್ರಿ ಎದ್ದೆದ್ದು ನೋಡಿದೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಮಗಳ ಕಾಲೇಜಿನ ಫೀ ಬಂತು, ರೊಕ್ಕ ತೆಗೆಯಲು ಹೋದೆ. "ಮೊದಲು ತೆರಿಗೆ 90 ಸಾವಿರ ತುಂಬ್ರಿ" ಎಂದರು. ಸಾಲ ಮಾಡಿ ತುಂಬಿದೆ. "ಇನ್ನು 40 ಸಾವಿರ ಚಾರ್ಜು" ಎಂದರು. ಅದನ್ನೂ ತುಂಬಿದೆ. ಮರುದಿನ ಗ್ರೂಪೂ ಇಲ್ಲ, ಆ್ಯಪೂ ಇಲ್ಲ, ಅಣ್ಣಾ ಎಂದವನೂ ಇಲ್ಲ! ಒಂಬತ್ತು ಲಕ್ಷ ಬರೀ ಬೆಳಕು. ನಾನು ಹಾಕಿದ್ದು ಮಾತ್ರ ಖರೇ ರೊಕ್ಕ.

ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನೀವೂ ನಾಚಿಕೆ ಬಿಡಿರಿ. ನಾವು ಬಾಯಿ ಮುಚ್ಚಿಕೊಂಡಷ್ಟೂ ಅವನ ಅಂಗಡಿ ನಡೆಯುತ್ತದೆ.

ಯಾರ ರೊಕ್ಕ ಇದು? ನೆನಪು ಮಾಡಿಕೊಳ್ಳಿರಿ. 2025ರ ನವೆಂಬರ್ ಚಳಿಯಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಯ ಮೇಲೆ ಮಲಗಿದರು. ಟನ್ ಕಬ್ಬಿಗೆ 3,500 ಕೊಡಿ ಎಂದರು. ಕೊನೆಗೆ ಸರಕಾರ 3,300 ಎಂದಿತು. ಆ ಒಂದೊಂದು ನೂರು ರೂಪಾಯಿಗಾಗಿ ವಾರಕ್ಕೂ ಮಿಕ್ಕಿ ಬೀದಿಯಲ್ಲಿ ಕುಳಿತೆವು!

ಈಗ ಲೆಕ್ಕ ಹಾಕಿರಿ. ಒಂದು ಲಕ್ಷ ಎಂದರೆ 30 ಟನ್ ಕಬ್ಬು. ವರ್ಷವಿಡೀ ರಾತ್ರಿ ಕರೆಂಟು ಕಾದು ನೀರು ಹಾಯಿಸಿದ್ದು, ಗೊಬ್ಬರದ ಸಾಲ ತಂದದ್ದು, ಕಡಿಯುವ ಗ್ಯಾಂಗಿಗೆ ಲಗಾಣಿ ಕೊಟ್ಟದ್ದು, ಬಿಲ್ಲಿಗಾಗಿ ಕಾರ್ಖಾನೆಗೆ ಚಪ್ಪಲಿ ಸವೆಸಿದ್ದು, ಎಲ್ಲ ಸೇರಿ ಆ 30 ಟನ್. ಬೆರಳಿಂದ ಒಂದು ಸಲ ಒತ್ತಿದೆವು, ಹೋಯಿತು! ಕಾರ್ಖಾನೆಯವರು ಬಾಕಿ ಇಟ್ಟರೆ ಬೀದಿಗಿಳಿಯುವ ನಾವು, ಇಡೀ ಲಕ್ಷ ನುಂಗಿದವನ ಮುಂದೆ ಯಾಕೆ ತಲೆ ತಗ್ಗಿಸಿ ಕೂತಿದ್ದೇವೆ?

ಸಂಘದ ತಾಯಿಯ ಪಾಡು ಕೇಳಿರಿ. ಎಮ್ಮೆ ಕೊಳ್ಳಲು ಸಾಲ ಎತ್ತಿದಳು. "ಎಮ್ಮಿ ಆಮ್ಯಾಲೆ ತರೂಣು, ಮೊದಲ ಇದನ್ನ ಡಬಲ್ ಮಾಡೂಣು" ಅಂದ ಮಗ. ಎಮ್ಮೆಯೂ ಬರಲಿಲ್ಲ, ಡಬಲ್ಲೂ ಆಗಲಿಲ್ಲ. ಕಂತು ಮಾತ್ರ ವಾರ ತಪ್ಪದೆ ಬಾಗಿಲಿಗೆ ಬರುತ್ತದೆ. ಅವಳು ಈಗ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಾಳೆ.

ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ಪಿಎಫ್ ತಂದ ಕಾಕಾನ ಪಾಡೂ ಅದೇ. ಮುದುಕತನದ ಅನ್ನ ಅದು! ಕಾಕಾ ಈಗ ಯಾರ ಜೊತೆಗೂ ಮಾತಾಡುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಮೊಬೈಲು ಆನ್ ಮಾಡುತ್ತಾನೆ, ಆಫ್ ಮಾಡುತ್ತಾನೆ.

ಅವರು ಹೇಳುವ ಸುಳ್ಳುಗಳನ್ನು ಒಂದೊಂದಾಗಿ ಬಿಚ್ಚೋಣ.

"ಹಟ್ಟಿ ಗಣಿ ಷೇರು ಕೊಡಸ್ತೇನಿ" ಎನ್ನುತ್ತಾನೆ. ಹಟ್ಟಿ ಚಿನ್ನದ ಗಣಿ ರಾಯಚೂರು ಜಿಲ್ಲೆಯಲ್ಲಿದೆ, ಖರೇ. ಆದರೆ ಅದು ಕರ್ನಾಟಕ ಸರಕಾರದ ಕಂಪನಿ. ಅದರ ಷೇರು ಪೇಟೆಯಲ್ಲಿ ಮಾರಾಟಕ್ಕೇ ಇಲ್ಲ!

"ಕೆಜಿಎಫ್ ಮತ್ತ ಚಾಲೂ ಆಗತೈತಿ, ಈಗ ಹಿಡೀರಿ" ಎನ್ನುತ್ತಾನೆ. ಕೋಲಾರದ ಗಣಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರಕಾರದ ಕಂಪನಿಯದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದರ ಷೇರೂ ಪೇಟೆಯಲ್ಲಿಲ್ಲ. ಸಿನಿಮಾ ನೋಡಿ ಷೇರು ಕೊಂಡರೆ ನಮಗೆ ಉಳಿಯುವುದು ಸಿನಿಮಾ ಮಾತ್ರ!

"ನೆಲದಾಗ ಬಂಗಾರ ಐತಿ, ಸರ್ವೆ ಆಗೇತಿ" ಎನ್ನುತ್ತಾನೆ. ನೆಲದಲ್ಲಿದ್ದರೆ ನಮ್ಮ ಜೇಬಿಗೆ ಬರುತ್ತದೆಯೇ? ಹಾವೇರಿ ತಾಲೂಕಿನ ಗಣಜೂರಿನಲ್ಲಿ ಬಂಗಾರ ಇದೆ ಎಂದು ಗೊತ್ತಾಗಿ ಎಷ್ಟು ವರ್ಷವಾಯಿತು! ಪರವಾನಗಿ ಬೇಕು, ರೈತರ ಭೂಮಿ ಬೇಕು, ಕಾನೂನು ಒಪ್ಪಬೇಕು. ಕೇಂದ್ರ ಸರಕಾರ 2021ರಲ್ಲಿ ಗಣಿ ಕಾನೂನು ತಿದ್ದಿತು. ದೇಶದಲ್ಲಿ ವರ್ಷಗಟ್ಟಲೆ ಕಾದು ಕೂತಿದ್ದ ಎಷ್ಟೋ ಹಳೆಯ ಅರ್ಜಿಗಳು ಒಂದೇ ಏಟಿಗೆ ಬಿದ್ದವು. ಖರೇ ಗಣಿಯ ಗತಿಯೇ ಹೀಗೆ. ಇನ್ನು ಮೊಬೈಲಿನ ಗಣಿಯ ಗತಿ ಏನು?

ಇದು ಹೊಸ ಆಟವೂ ಅಲ್ಲ. ನಮ್ಮ ಪಕ್ಕದ ಗದಗಕ್ಕೇ ಬನ್ನಿರಿ. ಕಪ್ಪತಗುಡ್ಡದ ಸೀಮೆಯಲ್ಲಿ ಬಂಗಾರ ಇದೆ ಎಂದು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಬರೆದ. ಮುಂದೆ ಬ್ರಿಟಿಷ್ ಕಂಪನಿಗಳು ಬಂದವು, ತೋಡಿದವು, ಕೆಲವೇ ವರ್ಷದಲ್ಲಿ ಬಾಗಿಲು ಹಾಕಿಕೊಂಡು ಹೋದವು. ವಯನಾಡಿನಲ್ಲಿ 1880ರ ಸುಮಾರಿಗೆ ಬಂಗಾರದ ಹುಚ್ಚು ಎದ್ದಿತು. ಅದರ ಹೆಸರಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಷೇರು ಮಾರಿದವು. ಬಂಗಾರ ಸಿಕ್ಕಿದ್ದು ಚಿಟಿಕೆಯಷ್ಟು. ಷೇರು ಮಾರಿದವರು ಗೆದ್ದರು, ಕೊಂಡವರು ಮುಳುಗಿದರು.

ಕೆನಡಾದಲ್ಲಿ ಸೇಂಟ್ ಪಾಲ್ ಎಂಬ ಊರಿದೆ. ಒಕ್ಕಲುತನದ ಸಣ್ಣ ಊರು, ನಮ್ಮೂರಿನಂಥದ್ದೇ. ಬ್ರೆ-ಎಕ್ಸ್ ಎಂಬ ಕಂಪನಿ ಇಂಡೋನೇಷ್ಯಾದಲ್ಲಿ ಬಂಗಾರದ ಬೆಟ್ಟ ಸಿಕ್ಕಿದೆ ಎಂದಿತು. ಊರಿನ ಜನ ಒಬ್ಬರನ್ನು ನೋಡಿ ಒಬ್ಬರು ಷೇರು ಕೊಂಡರು. ಒಂದು ಷೇರು 280 ಡಾಲರ್ ದಾಟಿತು! 1997ರಲ್ಲಿ ಗುಟ್ಟು ಬಯಲಾಯಿತು. ಪರೀಕ್ಷೆಗೆ ಕಳಿಸಿದ ಕಲ್ಲಿನ ಪುಡಿಯಲ್ಲಿ ಹೊರಗಿನ ಬಂಗಾರ ಬೆರೆಸಿದ್ದರು. ಬೆಟ್ಟದಲ್ಲಿ ಬಂಗಾರ ಇರಲೇ ಇಲ್ಲ! ಷೇರು ಕಸವಾಯಿತು. ಅಷ್ಟು ಕಾನೂನು ಇರುವ ದೇಶದಲ್ಲೇ ಹೀಗಾಯಿತು.

"ಕೋಲಾರದಾಗ ರೊಕ್ಕ ಆಗಲಿಲ್ಲೇನು?" ಎಂದು ಕೇಳುತ್ತಾರೆ. ಆಯಿತು! ಲಾಭ ಲಂಡನ್ನಿಗೆ ಹೋಯಿತು. ಕೆಳಗಿಳಿದು ಕಲ್ಲು ಒಡೆದವರ ಪುಪ್ಪುಸಕ್ಕೆ ಧೂಳು ಹೋಯಿತು. ಊರಿಗೆ ಸೈನೈಡ್ ಮಣ್ಣಿನ ದಿಬ್ಬ ಉಳಿಯಿತು. ಆ ಲಾಭದ ಸಾಲಿನಲ್ಲಿ ನಮ್ಮಂಥ ಬಡವ ಎಲ್ಲಿ ನಿಂತಿದ್ದ, ತೋರಿಸಿರಿ!

ಇನ್ನು ಪೇಟೆಯಲ್ಲಿ ಖರೇನೇ ಇರುವ ಅಗ್ಗದ ಷೇರಿನ ಆಟ. ಮೊದಲು ಅವರು ಐದು ರೂಪಾಯಿಗೆ ಮೂಟೆಗಟ್ಟಲೆ ಕೊಂಡಿಟ್ಟುಕೊಳ್ಳುತ್ತಾರೆ. ಆಮೇಲೆ ಗ್ರೂಪಿನಲ್ಲಿ ಡಂಗುರ. ನಾವು ನುಗ್ಗುತ್ತೇವೆ, ದರ ಏರುತ್ತದೆ. ಇಪ್ಪತ್ತಾದಾಗ ಅವರು ತಮ್ಮ ಮೂಟೆಯನ್ನು ನಮ್ಮ ತಲೆಯ ಮೇಲೆ ಇಳಿಸಿ ಹೋಗುತ್ತಾರೆ. ಮರುದಿನ ಲೋವರ್ ಸರ್ಕ್ಯೂಟ್! ಮಾರಬೇಕೆಂದರೆ ಕೊಳ್ಳುವವರೇ ಇಲ್ಲ. ದಿನಾ ಇಳಿಯುವುದನ್ನು ನೋಡುತ್ತ ಕೂರಬೇಕು. ಇದು ಹೂಡಿಕೆಯೇ? ಇದು ಓಸಿ ಮಟಕಾ! ಚೀಟಿಯ ಬದಲು ಮೊಬೈಲು, ಅಷ್ಟೇ!

"ಫ್ಯೂಚರ್, ಆಪ್ಷನ್ ಆಡಿ ಕಳಕೊಂಡದ್ದು ತಗೀರಿ" ಎಂದು ಪುಸಲಾಯಿಸುವವರೂ ಇದ್ದಾರೆ. ಷೇರುಪೇಟೆಯ ಕಾವಲುಗಾರ ಸೆಬಿ 2024ರಲ್ಲಿ ಲೆಕ್ಕ ತೆಗೆಯಿತು. ಮೂರು ವರ್ಷದಲ್ಲಿ ಆ ಆಟ ಆಡಿದ 100 ಸಾಮಾನ್ಯ ಜನರಲ್ಲಿ 93 ಜನ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ! ಉಳಿದ ಏಳು ಜನರಲ್ಲಿ ನಾವಿರುತ್ತೇವೆ ಎಂದು ಯಾವ ದೇವರು ನಮಗೆ ವಚನ ಕೊಟ್ಟಿದ್ದಾನೆ?

ಆದದ್ದು ಆಯಿತು. ಈಗ ಏನು ಮಾಡೋಣ?

ಒಂದು: ಇನ್ನೊಂದು ರೂಪಾಯಿ ಹಾಕಬೇಡಿರಿ! ತೆರಿಗೆ, ಚಾರ್ಜು, ಡಿಪಾಜಿಟ್ಟು, ಏನೇ ಹೆಸರು ಹೇಳಲಿ. ನಿಮ್ಮ ರೊಕ್ಕ ನಿಮಗೆ ಕೊಡಲು ಮೊದಲು ರೊಕ್ಕ ಕೇಳುವವನು ಕಳ್ಳ. ಕಳೆದದ್ದನ್ನು ತೆಗೆಯಲು ಹೋಗಿಯೇ ನಾನು ಮತ್ತೆ 1 ಲಕ್ಷ 30 ಸಾವಿರ ಕಳೆದೆ.

ಎರಡು: ಮೋಸ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿರಿ. ಅದು ಸೈಬರ್ ವಂಚನೆಯ ಸಹಾಯವಾಣಿ. ನಾಳೆ ಎನ್ನಬೇಡಿರಿ. ಬೇಗ ಹೇಳಿದಷ್ಟೂ ಅವರ ಖಾತೆಯಲ್ಲೇ ರೊಕ್ಕ ತಡೆಯುವ ಆಸೆ ಹೆಚ್ಚು.

ಮೂರು: ಮೆಸೇಜು ಅಳಿಸಬೇಡಿರಿ. ಸ್ಕ್ರೀನ್‌ಶಾಟ್, ರೊಕ್ಕ ಹೋದ ಖಾತೆಯ ನಂಬರು, ಫೋನ್ ನಂಬರು, ಎಲ್ಲ ಜೋಪಾನ ಮಾಡಿರಿ. ನಾಚಿಕೆಗೆ ಅಳಿಸಿದರೆ ಕಳ್ಳನಿಗೇ ಸಹಾಯ.

ನಾಲ್ಕು: ಯಾರಾದರೂ ಷೇರಿನ ಸಲಹೆ ಕೊಟ್ಟರೆ "ಸೆಬಿ ನೋಂದಣಿ ನಂಬರು ಹೇಳು" ಎನ್ನಿರಿ. ನಂಬರು ಹೇಳಿದರೂ ಸೆಬಿಯ 1800 266 7575ಕ್ಕೆ ಫೋನ್ ಮಾಡಿ ಕೇಳಿರಿ. "ಗ್ಯಾರಂಟಿ ಲಾಭ" ಎಂದು ಹೇಳಲು ಕಾನೂನಿನಲ್ಲಿ ಯಾರಿಗೂ ಹಕ್ಕಿಲ್ಲ. ಖಾಸಗಿ ವ್ಯಕ್ತಿಯ ಫೋನ್‌ಪೇಗೆ ರೊಕ್ಕ ಹಾಕು ಎಂದರೆ ಅಲ್ಲೇ ಎದ್ದು ಬನ್ನಿರಿ.

ಐದು: ಒಬ್ಬೊಬ್ಬರೇ ಠಾಣೆಗೆ ಹೋಗಬೇಡಿರಿ. ಒಬ್ಬ ಹೋದರೆ "ಆಸೆಬುರುಕ" ಎಂದು ಬೈದು ಕಳಿಸುತ್ತಾರೆ. ಐವತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ! ಗುರ್ಲಾಪುರ ನಮಗೆ ಕಲಿಸಿದ್ದು ಅದನ್ನೇ ಅಲ್ಲವೇ?

ನಾವು ಕೇಳುವುದು ಇಷ್ಟು. ಪ್ರತಿ ದೂರಿಗೂ ಎಫ್‌ಐಆರ್ ಆಗಲಿ. ದೂರು ಕೊಟ್ಟವರ ಒಡವೆಯನ್ನು ತನಿಖೆ ಮುಗಿಯುವ ತನಕ ಹರಾಜಿಗೆ ಹಾಕದಂತೆ ಅಧಿಕಾರಿಗಳು ಗಿರವಿಯವರ ಜೊತೆ ಕುಳಿತು ಮಾತಾಡಲಿ. ತಾಲೂಕಿಗೊಂದು ಕಡೆ ಕನ್ನಡದಲ್ಲಿ ದೂರು ಬರೆದುಕೊಡುವ ವ್ಯವಸ್ಥೆ ಆಗಲಿ. ಇದು ಭಿಕ್ಷೆ ಅಲ್ಲ, ನಮ್ಮ ಹಕ್ಕು!

ತಾಯಂದಿರೇ, ಕೊನೆಯ ಮಾತು ನಿಮಗೆ. ಯಾರೇ ಬಂದು "ಸರ ಬಿಚ್ಚಿ ಕೊಡು, ಗಣಿ ಷೇರು ತರತೇನಿ" ಎಂದರೆ, ಗಂಡನಾದರೂ ಸರಿ, ಮಗನಾದರೂ ಸರಿ, ಬಿಚ್ಚಬೇಡಿರಿ. ನಿಮ್ಮ ಕೊರಳಲ್ಲಿ ಸುಮ್ಮನೆ ಇದ್ದಿದ್ದರೂ ಈ ವರ್ಷಗಳಲ್ಲಿ ಆ ಬಂಗಾರದ ಬೆಲೆ ಏರುತ್ತಲೇ ಇತ್ತು. ಬಿಚ್ಚಿದ್ದೇ ನಷ್ಟ.

ಕಳೆದುಕೊಂಡವರೇ, ಈ ವಾರವೇ ಪಂಚಾಯಿತಿಯ ಮುಂದೆ ಸೇರೋಣ. ಬರುವಾಗ ಮೊಬೈಲು, ಬ್ಯಾಂಕಿನ ಪಾಸ್‌ಬುಕ್ಕು, ಗಿರವಿ ಚೀಟಿ ತನ್ನಿರಿ. ಅಲ್ಲಿಂದ ಎಲ್ಲರೂ ಕೂಡಿ ಠಾಣೆಗೆ ಹೋಗೋಣ.

ಓದಿ ಮುಗಿಯಿತೇ? ಮಡಚಿ ಜೇಬಿಗಿಡಬೇಡಿರಿ. ಪಕ್ಕದಲ್ಲಿ ಮೊಬೈಲು ನೋಡುತ್ತ ಕುಳಿತವನ ಕೈಗೆ ಕೊಡಿರಿ.

ಇಂತಿ,
ನಿಮ್ಮಂತೆಯೇ ಕಳೆದುಕೊಂಡವರು, ಅಂಕಲಗಿ