ವೇಷದ ಔಚಿತ್ಯವನ್ನು ಕುರಿತು

ಮಾನ್ಯ ಸಂಪಾದಕರಿಗೆ,

ವೀಡಿಯೋ ಆಟಗಳಲ್ಲಿ ಬರುವ ಸ್ತ್ರೀಪಾತ್ರಗಳ ವೇಷಭೂಷಣಗಳನ್ನು ಆಕ್ಷೇಪಿಸುವವರೆಲ್ಲರೂ ಸೌಂದರ್ಯದ್ವೇಷಿಗಳು, ಶೃಂಗಾರವೆಂದರೆ ಮುಖ ತಿರುಗಿಸುವ ಮಡಿವಂತರು, ಕಲೆಗಾರನ ಸ್ವಾತಂತ್ರ್ಯಕ್ಕೆ ಅಡ್ಡಬರುವವರು ಎಂಬ ಧಾಟಿಯ ಮಾತು ಈಚೆಗೆ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿರುವುದರಿಂದ, ಆ ಆಕ್ಷೇಪಕರಲ್ಲಿ ಒಬ್ಬಳಾದ ನಾನು ಈ ಪತ್ರವನ್ನು ಬರೆಯಬೇಕಾಗಿದೆ. ಒಂದು ಪಾತ್ರವನ್ನು ಒಂದು ನಿಶ್ಚಿತ ಸ್ವಭಾವದಿಂದ, ಒಂದು ನಿಶ್ಚಿತ ಕಾರ್ಯಕ್ಕಾಗಿ ಸೃಷ್ಟಿಸಿ, ಜನರು ಅದನ್ನು ಮೆಚ್ಚಿ ತಮ್ಮದನ್ನಾಗಿ ಮಾಡಿಕೊಂಡ ತರುವಾಯ, ಆ ಸ್ವಭಾವಕ್ಕಾಗಲಿ ಆ ಕಾರ್ಯಕ್ಕಾಗಲಿ ಯಾವ ಸಂಬಂಧವೂ ಇಲ್ಲದ ಅಂಗಪ್ರದರ್ಶನವನ್ನು ಅದರ ಮೇಲೆ ಹೇರುವ ವಾಣಿಜ್ಯಬುದ್ಧಿಯನ್ನು ನಾವು ವಿರೋಧಿಸುತ್ತೇವೆ. ಶೃಂಗಾರದೊಡನೆ ನಮಗೆ ಜಗಳವಿಲ್ಲ.

ಜಪಾನಿನ ನಿಂಟೆಂಡೊ ಸಂಸ್ಥೆ 1986ರಲ್ಲಿ ಹೊರತಂದ ‘ಮೆಟ್ರಾಯ್ಡ್’ ಆಟದ ಸ್ಯಾಮಸ್ ಆರಾನ್ ಎಂಬ ಪಾತ್ರದ ಇತಿಹಾಸವನ್ನು ನೋಡಿದರೆ ನನ್ನ ಅಭಿಪ್ರಾಯ ಸ್ಪಷ್ಟವಾದೀತು. ಆಪಾದಮಸ್ತಕ ಲೋಹಕವಚವನ್ನು ಧರಿಸಿ, ಒಂದು ತೋಳಿಗೆ ಫಿರಂಗಿಯನ್ನೇ ತೊಡಿಸಿಕೊಂಡು, ಪರಗ್ರಹವೊಂದರ ಸುರಂಗಗಳಲ್ಲಿ ಏಕಾಕಿಯಾಗಿ ಹೋರಾಡುವ ಆ ಯೋಧನು ಗಂಡಸೆಂದೇ ಆಡುವವರೆಲ್ಲ ಭಾವಿಸಿದ್ದರು. ಆಟದೊಡನೆ ಬಂದ ಇಂಗ್ಲಿಷ್ ಕೈಪಿಡಿ ಸಹ ಪುಲ್ಲಿಂಗದಲ್ಲಿಯೇ ಆತನನ್ನು ನಿರ್ದೇಶಿಸಿತ್ತು. ಆಟವನ್ನು ಶೀಘ್ರವಾಗಿ ಮುಗಿಸಿದವರಿಗೆ ಮಾತ್ರ ಕಡೆಯಲ್ಲಿ ಕವಚ ಕಳಚಿ, ಅದುವರೆಗೆ ತಾವು ಯಾರ ಧೈರ್ಯವನ್ನು ತಮ್ಮ ಧೈರ್ಯವೆಂದು ಬಗೆದಿದ್ದರೋ ಆ ಯೋಧನು ಸ್ತ್ರೀಯೆಂಬುದು ಗೋಚರಿಸುತ್ತಿತ್ತು. ಎಂತಹ ಉದಾತ್ತವಾದ ಕಲ್ಪನೆ! ಆದರೆ ಅದರ ಮಗ್ಗುಲಲ್ಲಿಯೇ ಕ್ಷುದ್ರತೆಯ ಬೀಜವೂ ಬಿದ್ದಿತ್ತೆಂಬುದನ್ನು ಮರೆಮಾಚಲಾಗದು. ಆಟಗಾರನು ಎಷ್ಟು ಬೇಗ ಮುಗಿಸಿದನೋ ಅಷ್ಟು ಕಡಿಮೆ ಉಡುಪಿನಲ್ಲಿ ಆಕೆಯನ್ನು ತೋರಿಸುವುದೇ ಅವನ ಪಾರಿತೋಷಕವಾಗಿತ್ತು.

2002ರಲ್ಲಿ ಬಂದ ‘ಮೆಟ್ರಾಯ್ಡ್ ಪ್ರೈಮ್’ ಆಟದಲ್ಲಿ ಉದಾತ್ತತೆ ಮೇಲುಗೈ ಪಡೆಯಿತು. ಅಲ್ಲಿ ಜಗತ್ತನ್ನು ನಾವು ಆಕೆಯ ಶಿರಸ್ತ್ರಾಣದ ಗಾಜಿನ ಮೂಲಕವೇ ಕಾಣುತ್ತೇವೆ, ಸಮೀಪದಲ್ಲಿ ಸ್ಫೋಟವಾದಾಗ ಆ ಬೆಳಕಿನಲ್ಲಿ ಆಕೆಯ ಕಣ್ಣುಗಳು ಗಾಜಿನ ಒಳಬದಿಯಲ್ಲಿ ಕ್ಷಣಕಾಲ ಪ್ರತಿಬಿಂಬಿಸುತ್ತವೆ. ಆ ಮುಖದರ್ಶನಕ್ಕಿಂತ ಹೆಚ್ಚಿನದನ್ನು ಬಯಸಿದ ರಸಿಕನಿದ್ದರೆ ಅವನ ರಸಿಕತೆಯನ್ನೇ ಶಂಕಿಸಬೇಕು. 2004ರ ‘ಝೀರೋ ಮಿಷನ್’ ಆಟದಲ್ಲಿ ಆಕೆಯ ನೌಕೆ ಹೊಡೆತಕ್ಕೆ ಸಿಕ್ಕಿ ಉರುಳಿ, ಕವಚ ನಷ್ಟವಾಗಿ, ಆಕೆ ಮೈಗಂಟಿದ ನೀಲಿಯ ಒಳ ಉಡುಪಿನಲ್ಲಿ, ಕೈಯಲ್ಲಿ ಒಂದು ಅಲ್ಪಬಲದ ಪಿಸ್ತೂಲನ್ನು ಹಿಡಿದು, ಶತ್ರುಗಳ ಹಡಗಿನಲ್ಲಿ ಅಡಗಿ ಅಡಗಿ ಸಾಗಬೇಕಾಗುತ್ತದೆ. ಆ ಸನ್ನಿವೇಶದಲ್ಲಿ ಆ ಉಡುಪು ಆಕೆಯ ಅಸಹಾಯಕತೆಯ ಚಿಹ್ನೆ. ಮರಳಿ ಕವಚವನ್ನು ಪಡೆದಾಗ ಉಂಟಾಗುವ ಉತ್ಸಾಹಕ್ಕೆ ಅದೇ ಪೀಠಿಕೆ. ಇದಕ್ಕೆ ನಾನೆಂದೂ ಆಕ್ಷೇಪವೆತ್ತಲಾರೆ. ಆದರೆ 2008ರ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್’ ಹೊತ್ತಿಗೆ, ಕವಚವಿದ್ದೂ ಅದನ್ನು ಬಿಸುಟು ಅದೇ ಒಳ ಉಡುಪಿನಲ್ಲಿ ಕುಸ್ತಿಯಾಡುವ ಮತ್ತೊಂದು ವೇಷವೇ ಹುಟ್ಟಿಕೊಂಡಿತು. 2014ರ ಆವೃತ್ತಿಯಲ್ಲಿ ಆ ವೇಷಕ್ಕೆ ಎತ್ತರದ ಹಿಮ್ಮಡಿಯ ಪಾದರಕ್ಷೆಗಳೂ ಬಂದವು. ಆ ಹಿಮ್ಮಡಿಗಳಿಂದ ರಾಕೆಟ್ಟಿನಂತೆ ಜ್ವಾಲೆ ಹೊಮ್ಮುವುದೆಂಬ ಸಮಾಧಾನವನ್ನು ಕೊಟ್ಟರೇನು? ಜ್ವಾಲೆಗೆ ಹಿಮ್ಮಡಿಯ ಎತ್ತರ ಬೇಕಾಗಿರಲಿಲ್ಲ, ನೋಡುವ ಕಣ್ಣಿಗೆ ಬೇಕಾಗಿತ್ತು. ಇವೆರಡರ ನಡುವೆ, 2010ರ ‘ಅದರ್ ಎಂ’ ಆಟವನ್ನು ನಿಂಟೆಂಡೊದೊಡನೆ ಕೂಡಿ ನಿರ್ಮಿಸಿದ ಟೀಮ್ ನಿಂಜಾ, 1996ರಿಂದಲೂ ‘ಡೆಡ್ ಆರ್ ಅಲೈವ್’ ಮಾಲಿಕೆಯಲ್ಲಿ ಹೆಣ್ಣಿನ ಎದೆಯ ಅಲುಗಾಟವನ್ನೇ ಒಂದು ಆಕರ್ಷಣೆಯಾಗಿ ಬೆಳೆಸಿಕೊಂಡು ಬಂದಿದ್ದ ತಂಡ. ಆ ಆಟದಲ್ಲಿ ಸ್ಯಾಮಸ್, ಸುಡುವ ಪ್ರದೇಶದಲ್ಲಿ ಮೈ ಬೇಯುತ್ತಿದ್ದರೂ, ತನ್ನಲ್ಲಿಯೇ ಇರುವ ಉಷ್ಣನಿರೋಧಕ ಶಕ್ತಿಯನ್ನು ಉಪಯೋಗಿಸಲು ಆಡಮ್ ಎಂಬ ಹಿಂದಿನ ಅಧಿಕಾರಿಯ ಅನುಮತಿಗಾಗಿ ಕಾಯುತ್ತಾಳೆ. ಹೊರಗಿನ ವೇಷ ಹಗುರಾದಂತೆ ಒಳಗಿನ ವ್ಯಕ್ತಿತ್ವವೂ ಹಗುರಾದುದನ್ನು ಕಂಡು ಅಂದು ಅನೇಕರು ನೊಂದರು, ಆ ನೋವು ನ್ಯಾಯವಾದುದೆಂದೇ ನನ್ನ ಎಣಿಕೆ. 2021ರ ‘ಮೆಟ್ರಾಯ್ಡ್ ಡ್ರೆಡ್’ ಆಕೆಯನ್ನು ಮತ್ತೆ ಪೂರ್ಣಕವಚದಲ್ಲಿ ನಿಲ್ಲಿಸಿದುದೊಂದು ಸಂತೋಷದ ಸಂಗತಿ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಎಂದೋ ಇತ್ಯರ್ಥ ಮಾಡಿಟ್ಟಿದ್ದಾರೆ. ರಸಭಂಗಕ್ಕೆ ಮೂಲವನ್ನು ಅನೌಚಿತ್ಯದಲ್ಲಿ ಗುರುತಿಸಿದ ಆನಂದವರ್ಧನನೂ, ಔಚಿತ್ಯವಿಚಾರಕ್ಕೆಂದೇ ಒಂದು ಗ್ರಂಥವನ್ನು ಮೀಸಲಿಟ್ಟ ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನೂ ಶೃಂಗಾರವಿರೋಧಿಗಳೆಂದು ಯಾರೂ ಹೇಳಲಾರರು. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಗರತಿಯ ವೇಷ ಬೇರೆ, ಯುದ್ಧಕ್ಕೆ ನಿಲ್ಲುವ ಪ್ರಮೀಳೆ, ಶಶಿಪ್ರಭೆ ಮೊದಲಾದವರ ಕಸೆ ಸ್ತ್ರೀವೇಷ ಬೇರೆ. ಬಾಣವನ್ನು ಹಿಡಿದು ರಂಗಸ್ಥಳವನ್ನು ಪ್ರವೇಶಿಸುವವಳ ಉಡುಗೆ ಕುಣಿತಕ್ಕೂ ಕಾಳಗಕ್ಕೂ ಅನುವಾಗಿರಬೇಕೆಂಬುದನ್ನು ನಮ್ಮ ಕಲಾವಿದರು ತಾವಾಗಿಯೇ ಬಲ್ಲವರಾಗಿದ್ದರು. ಹಾಗೆಂದು ಅರ್ಜುನನು ಪ್ರಮೀಳೆಯನ್ನು ವರಿಸಲು ಆಕೆಯ ವೀರವೇಷ ಅಡ್ಡಿಯಾಗಲಿಲ್ಲ.

ಬೇಲೂರಿನ ಮದನಿಕೆಯರನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸುವ ವಾದವೊಂದುಂಟು. ಬಿಲ್ಲು ಹಿಡಿದು ಬೇಟೆಗೆ ಹೊರಟ ಮದನಿಕೆಯೂ ಅಲ್ಲಿದ್ದಾಳೆಂಬುದನ್ನು ನಾನು ಬಲ್ಲೆ. ಆದರೆ ಹೊಯ್ಸಳ ಶಿಲ್ಪಿಯ ಉಳಿ ಗಂಡಿಗೊಂದು ನ್ಯಾಯ ಹೆಣ್ಣಿಗೊಂದು ನ್ಯಾಯವೆಂದು ಭೇದವೆಣಿಸಲಿಲ್ಲ. ಮದನಿಕೆಯ ಮೈಗೆ ಯಾವ ಆಭರಣಗಳೇ ಆವರಣವೋ, ದ್ವಾರಪಾಲಕನ ಮೈಗೂ ದೇವತಾಮೂರ್ತಿಗೂ ಅವೇ ಆವರಣ, ಇಡೀ ದೇವಾಲಯವೇ ಒಂದು ಶೈಲಿಯ ಶಾಸನಕ್ಕೆ ಒಳಪಟ್ಟಿದೆ. ಆಟಗಳಲ್ಲಿ ನಾವು ಕಾಣುವುದೇನು? 2004ರಲ್ಲಿ ಆರಂಭವಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಕೆಲವು ಕವಚಗಳನ್ನು ಪುರುಷನಿಗೆ ತೊಡಿಸಿದರೆ ಹೊಟ್ಟೆ ತೊಡೆಗಳೆಲ್ಲ ಮುಚ್ಚುತ್ತಿದ್ದವು, ಅವೇ ಕವಚಗಳನ್ನು ಸ್ತ್ರೀಗೆ ತೊಡಿಸಿದರೆ ಈಜುಡುಗೆಯಷ್ಟಕ್ಕೆ ಕುಗ್ಗುತ್ತಿದ್ದವು. 2009ರ ‘ರೆಸಿಡೆಂಟ್ ಈವಿಲ್ 5’ ಆಟದಲ್ಲಿ ಶೇವಾ ಅಲೊಮಾರ್ ಎಂಬ ಆಫ್ರಿಕಾದ ಅಧಿಕಾರಿಣಿಗೆ ಪಾರಿತೋಷಕರೂಪವಾಗಿ ಇರಿಸಿದ್ದ ಒಂದು ವೇಷ, ಆಕೆಯ ಪದವಿಯನ್ನೂ ಶಿಕ್ಷಣವನ್ನೂ ಅಳಿಸಿಹಾಕಿ, ‘ಬುಡಕಟ್ಟಿನವಳು’ ಎಂಬ ಹೆಸರಿನಲ್ಲಿ ಮೈಗೆ ಬಣ್ಣ ಬಳಿದು ಎರಡು ತುಂಡು ಬಟ್ಟೆಯಲ್ಲಿ ನಿಲ್ಲಿಸಿತು. ಅಲ್ಲಿ ಹೆಣ್ಣಿನ ಅವಮಾನದೊಡನೆ ಒಂದು ಖಂಡದ ಅವಮಾನವೂ ಕೂಡಿತ್ತು.

ಗಂಡಸರ ಮಾಂಸಖಂಡಗಳೂ ಉತ್ಪ್ರೇಕ್ಷಿತವಲ್ಲವೆ ಎಂಬವರಿಗೆ ನನ್ನ ಉತ್ತರ ಸಂಕ್ಷಿಪ್ತವಾದದ್ದು: ಆ ಉತ್ಪ್ರೇಕ್ಷೆ ಆಡುವವನು ತಾನು ಹಾಗಾಗಬೇಕೆಂದು ಬಯಸುವ ಬಲದ ಉತ್ಪ್ರೇಕ್ಷೆ, ಈ ಉತ್ಪ್ರೇಕ್ಷೆ ಅವನು ನೋಡಬೇಕೆಂದು ಬಯಸುವುದರ ಉತ್ಪ್ರೇಕ್ಷೆ. ಕೊಳ್ಳುವವರು ಬಯಸಿದ್ದನ್ನೇ ಮಾರುತ್ತೇವೆಂಬ ವ್ಯಾಪಾರಿಗಳ ಮಾತಿಗಂತೂ ಲಾರಾ ಕ್ರಾಫ್ಟಳ ಕಥೆಯೇ ಸಾಕು. ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಈ ಪುರಾತನವಸ್ತು ಶೋಧಕಿ 1996ರ ‘ಟೂಂಬ್ ರೈಡರ್’ ಆಟದಲ್ಲಿ ತೋಳ, ಕರಡಿಗಳನ್ನೆದುರಿಸುತ್ತ ನಿರ್ಜನ ಗುಹೆಗಳನ್ನು ಸುತ್ತುವ ಸಾಹಸಿಯಾಗಿ ಜನಿಸಿದಳು. ಮಾರಾಟಗಾರರ ಕೈಗೆ ಸಿಕ್ಕ ಬಳಿಕ ಜಾಹೀರಾತುಗಳಲ್ಲಿ ಆಕೆಯ ಸಾಹಸ ಹಿಂದೆ ಸರಿದು ಅಂಗಸೌಷ್ಠವ ಮುಂದೆ ಬಂದಿತು. ಈ ಪ್ರಚಾರದ ರೀತಿ ಒಗ್ಗದೆ, ಪಾತ್ರದ ಮೇಲೆ ತನ್ನ ಹಿಡಿತವೂ ತಪ್ಪುತ್ತಿರುವುದನ್ನು ಕಂಡು ಗಾರ್ಡ್ 1997ರಲ್ಲಿ ಸಂಸ್ಥೆಯನ್ನೇ ತೊರೆದನು. ಸೃಷ್ಟಿಕರ್ತನ ಸ್ವಾತಂತ್ರ್ಯವನ್ನು ಕುರಿತು ಇಂದು ಗಟ್ಟಿಯಾಗಿ ಮಾತನಾಡುವವರು ಈ ಸಂಗತಿಯನ್ನು ಎಲ್ಲಿಯೂ ಸ್ಮರಿಸುವುದಿಲ್ಲ. 2013ರಲ್ಲಿ ಕ್ರಿಸ್ಟಲ್ ಡೈನಮಿಕ್ಸ್ ಸಂಸ್ಥೆ ರಿಯಾನಾ ಪ್ರಾಚೆಟ್ ಎಂಬ ಲೇಖಕಿಯ ಕಥಾರಚನೆಯೊಡನೆ ಲಾರಾಳನ್ನು ಹೊಸದಾಗಿ ರೂಪಿಸಿ, ಮಾನುಷ ಪ್ರಮಾಣದ ದೇಹವನ್ನೂ ಕಾಡಿನಲ್ಲಿ ಓಡಾಡಲು ಯೋಗ್ಯವಾದ ಪ್ಯಾಂಟನ್ನೂ ಕೊಟ್ಟಿತು. ಆ ಆಟದ ಪ್ರತಿಗಳು ಕೋಟಿಯನ್ನು ಮೀರಿ ಮಾರಾಟವಾದವು.

ಉಡುಪನ್ನು ಸರಿಪಡಿಸುವುದು ಹೊರಗಿನವರ ಬಲಾತ್ಕಾರವೆಂಬುದೂ ಸತ್ಯದೂರವಾದುದು. 2016ರಲ್ಲಿ ಬ್ಲಿಝರ್ಡ್ ಸಂಸ್ಥೆಯ ‘ಓವರ್‌ವಾಚ್’ ಬಿಡುಗಡೆಗೆ ಮುನ್ನ, ಟ್ರೇಸರ್ ಎಂಬ ಚುರುಕುಸ್ವಭಾವದ ಯುವತಿ ಬೆನ್ನು ತಿರುಗಿಸಿ ನಿತಂಬವನ್ನು ಮುಂದು ಮಾಡಿ ನಿಲ್ಲುವ ವಿಜಯಭಂಗಿಯನ್ನು ಮಗಳೊಬ್ಬಳ ತಂದೆಯಾದ ಆಟಗಾರನು ಆಕ್ಷೇಪಿಸಿದನು. ಆತನ ವಾದವನ್ನು ಗಮನಿಸಬೇಕು: ಅದೇ ಆಟದ ವಿಡೋಮೇಕರ್ ಎಂಬ ಮೋಹಿನೀಸ್ವಭಾವದ ಪಾತ್ರಕ್ಕೆ ಅಂತಹ ಭಂಗಿ ಸಲ್ಲುತ್ತದೆ, ಟ್ರೇಸರಳ ಸ್ವಭಾವಕ್ಕೆ ಸಲ್ಲದು ಎಂಬುದೇ ಅವನ ಮಾತಿನ ತಿರುಳು. ಕ್ಷೇಮೇಂದ್ರನ ಹೆಸರನ್ನು ಕೇಳದವನೂ ಕ್ಷೇಮೇಂದ್ರನ ಮಾತನ್ನೇ ಆಡಿದನಲ್ಲವೆ? ನಿರ್ಮಾಪಕರು ಆ ಭಂಗಿಯ ಬಗ್ಗೆ ತಮಗೂ ತೃಪ್ತಿಯಿರಲಿಲ್ಲವೆಂದು ತಿಳಿಸಿ ಬದಲಾಯಿಸಿದರು. 2020ರ ‘ಫೈನಲ್ ಫ್ಯಾಂಟಸಿ 7 ರೀಮೇಕ್’ ಆಟದ ಮುಷ್ಟಿಯೋಧೆ ಟೀಫಾಳಿಗಾದರೋ, ಉಗ್ರವಾದ ಕಾದಾಟದಲ್ಲಿ ಅಸಹಜವಾಗಿ ಕಾಣದಂತೆ ಎದೆಯ ಭಾಗವನ್ನು ಬಿಗಿಯಾದ ಉಡುಪಿನಿಂದ ಕಟ್ಟಬೇಕೆಂದು ಸಂಸ್ಥೆಯ ನೀತಿವಿಭಾಗವೇ ಸೂಚಿಸಿತೆಂದು ನಿರ್ದೇಶಕ ತೆತ್ಸುಯಾ ನೊಮುರಾ ಹೇಳಿದ್ದಾನೆ. ಈ ತಿದ್ದುಪಡಿಯಿಂದ ಟೀಫಾಳ ಚೆಲುವಿಗೆ ಕುಂದು ಬಂದಿತೆಂದು ಆಕೆಯನ್ನು ಕಣ್ಣಾರೆ ಕಂಡವರು ಹೇಳಲಾರರು.

ಇವೆಲ್ಲ ಪರದೇಶದ ವ್ಯವಹಾರಗಳು, ನಮಗೇಕೆ ಎಂಬುದೂ ಸಾಧುವಲ್ಲ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಸ್ಥಾಪನೆಯಾದಂದಿನಿಂದ ಬೆಂಗಳೂರಿನ ಚಿತ್ರಕಾರರು ವಿದೇಶದ ಆಟಗಳಿಗೆ ರೂಪಗಳನ್ನು ರಚಿಸಿಕೊಡುತ್ತಿದ್ದಾರೆ. ಪುಣೆಯಲ್ಲಿ ನಿರ್ಮಿತವಾಗಿ 2020ರಲ್ಲಿ ಹೊರಬಂದ ‘ರಾಜಿ’ ಎಂಬ ಆಟ, ತಮ್ಮನನ್ನು ಹುಡುಕಿಕೊಂಡು ದುರ್ಗೆಯ ಅನುಗ್ರಹದಿಂದ ತ್ರಿಶೂಲ ಹಿಡಿದು ಹೋರಾಡುವ ಬಾಲೆಯನ್ನು ದೊಂಬರಾಟದ ಹುಡುಗಿಗೆ ತಕ್ಕ ಉಡುಗೆಯಲ್ಲಿಯೇ ಚಿತ್ರಿಸಿ, ಎಲ್ಲಿಯೂ ಆಕೆಯ ಮರ್ಯಾದೆಗೆ ಕೊರತೆ ಬಾರದಂತೆ ನಡೆದುಕೊಂಡಿದೆ. ನಮ್ಮ ಮನೆಗಳಲ್ಲಿ ಈ ಆಟಗಳನ್ನು ಆಡುವ ಹೆಣ್ಣುಮಕ್ಕಳು, ನನ್ನ ಮೊಮ್ಮಗಳೂ ಸೇರಿದಂತೆ, ಪಾತ್ರವನ್ನು ಆರಿಸುವ ಪರದೆಯ ಮುಂದೆ ಕುಳಿತು, ಗೆಲ್ಲುವ ಶಕ್ತಿಯೂ ಮೈತುಂಬ ಉಡುಪೂ ಎರಡೂ ಇರುವ ಸ್ತ್ರೀಯೊಬ್ಬಳನ್ನು ಹುಡುಕಿ ಕಾಣದೆ ಗಂಡುಪಾತ್ರವನ್ನೇ ಆರಿಸಿಕೊಳ್ಳುವುದುಂಟು. ಆ ಮಕ್ಕಳ ದುಃಖವನ್ನು ಮಡಿವಂತಿಕೆಯೆಂದು ಕರೆಯುವ ಕಠಿಣಹೃದಯ ಯಾರಿಗೂ ಇರಬಾರದು.

ಆಟಗಳ ವಿಮರ್ಶೆಗೆ ಸ್ಥಳ ಕೊಡುವಾಗ, ಚಿತ್ರಗಳ ಸ್ಫುಟತೆಯನ್ನೂ ಬೆಲೆಯನ್ನೂ ಹೇಳಿ ಮುಗಿಸದೆ, ಹಳೆಯ ಪಾತ್ರವೊಂದನ್ನು ಹೊಸ ರೂಪದಲ್ಲಿ ತಂದಾಗ ಯಾವುದನ್ನು ಬದಲಿಸಿದ್ದಾರೆ, ಆ ಬದಲಾವಣೆ ಪಾತ್ರದ ಕಾರ್ಯಕ್ಕೆ ಸಲ್ಲುವುದೇ ಎಂಬುದನ್ನು ವಿಚಾರಿಸಿ ಬರೆಯುವಂತೆ ತಮ್ಮ ಲೇಖಕರಿಗೆ ಸೂಚಿಸಬೇಕೆಂದೂ, ಬೆಂಗಳೂರಿನಲ್ಲಿ ಈ ಕೆಲಸದಲ್ಲಿ ನಿರತರಾಗಿರುವ ಚಿತ್ರಕಾರ್ತಿಯರಿಂದಲೂ ಆಟಗಳನ್ನಾಡುವ ವಿದ್ಯಾರ್ಥಿನಿಯರಿಂದಲೂ ಲೇಖನಗಳನ್ನು ಬರೆಯಿಸಿ ಪ್ರಕಟಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ವಾಚಕಿ
ಉಡುಪಿ